20 ಸಾವಿರದಲ್ಲಿ ಬೆಲ್ಟ್ ಡ್ರೈವ್ ತಗೊಳ್ಳಲಾ, ಡೈರೆಕ್ಟ್ ಡ್ರೈವಾ?

ಮಡಿಕೇರಿ ಹತ್ತಿರ ಹಳೆ ಮನೆ, ಮರದ ನೆಲದ ಮಾಳಿಗೆ, ಅಟ್ಟದಲ್ಲಿ ಸಿಕ್ಕಿದ ಅಜ್ಜನ ಕಾಲದ ನಲವತ್ತು ಗ್ರಾಮಫೋನ್ ಪ್ಲೇಟು, ಕೈಯಲ್ಲಿ 20 ಸಾವಿರ. ಅವನ್ನು ಹಾಡಿಸಲು ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ಒಳ್ಳೆಯದಾ, ಡೈರೆಕ್ಟ್ ಡ್ರೈವಾ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವನು. ಎರಡನ್ನೂ ತಗೊಂಡು, ಒಂದರಲ್ಲಿ ಕೈ ಸುಟ್ಟುಕೊಂಡವನು. ಹೊಸದೊಂದು ಬೆಲ್ಟ್ ಡ್ರೈವ್ ತಗೊಳ್ಳಿ ಅಂತಲೇ ಹೇಳ್ತೇನೆ. ಆದರೆ ಅದಕ್ಕೆ ಕಾರಣ ಶಬ್ದ ಅಲ್ಲ, ನಮ್ಮ ಮಳೆ.

ತೋಟದವರಿಗೆ ಇದನ್ನು ವಿವರಿಸೋದು ಸುಲಭ. ಮೋಟರನ್ನು ಪಕ್ಕದಲ್ಲಿಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಬೆಲ್ಟ್ ಹಾಕಿರುತ್ತೇವಲ್ಲ, ಬೆಲ್ಟ್ ಡ್ರೈವ್ ಅಂದರೆ ಅದೇ. ಸೀಲಿಂಗ್ ಫ್ಯಾನ್‌ನಲ್ಲಿ ಮೋಟರೇ ತಿರುಗುತ್ತದೆ, ರೆಕ್ಕೆ ಅದಕ್ಕೇ ಕೂತಿರುತ್ತದೆ. ಅದು ಡೈರೆಕ್ಟ್ ಡ್ರೈವ್. ಬೆಲ್ಟ್‌ನ ರಬ್ಬರ್ ಮೋಟರಿನ ನಡುಕವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ, ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳಿನ ತನಕ ಹೋಗಲು ಬಿಡೋದಿಲ್ಲ. ಡೈರೆಕ್ಟ್ ಡ್ರೈವ್‌ನಲ್ಲಿ ನಡುವೆ ರಬ್ಬರ್ ಇಲ್ಲ. ಹಾಗಾಗಿ ಮೋಟರೂ ಅದರ ವೇಗ ಕಾಯುವ ಸರ್ಕ್ಯೂಟೂ ಚೆನ್ನಾಗಿರಲೇಬೇಕು. ಜಪಾನಿನ ಕಂಪನಿ ಟೆಕ್ನಿಕ್ಸ್‌ನವರು 1970ರಲ್ಲಿ ಎಸ್‌ಪಿ-10, 1972ರಲ್ಲಿ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್‌ಗಳನ್ನು ತಂದು ಅದನ್ನು ಮಾಡಿ ತೋರಿಸಿದರು. ಬಟನ್ ಒತ್ತಿದ ಕೂಡಲೇ ವೇಗ ಹಿಡಿಯುತ್ತದೆ ಅಂತ ಡಿಜೆಗಳಿಗೆ ಅದು ಪ್ರಾಣ. ನೀವು ಸಂಜೆ ಕಾಫಿ ಹಿಡ್ಕೊಂಡು ಹಾಡು ಕೇಳೋರು. ಮೂರು ಸೆಕೆಂಡ್ ತಡವಾದರೆ ಏನೀಗ?

ನನ್ನ ಕತೆ ಹೇಳ್ತೇನೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಡೈರೆಕ್ಟ್ ಡ್ರೈವ್ ತಗೊಂಡೆ. ಭಾರ ನೋಡಿಯೇ ಮರುಳಾಗಿದ್ದೆ. ಮೊದಲ ಮಳೆಗಾಲ ಹೇಗೋ ಕಳೆಯಿತು. ಎರಡನೆಯ ಮಳೆಗಾಲದ ಆಟಿ ತಿಂಗಳಲ್ಲಿ ಹಾಡುವವರ ಗಂಟಲು ನಡುಗಲು ಶುರುವಾಯಿತು. ಮಳೆಯ ತೇವಕ್ಕೆ ವೇಗ ಸರಿಮಾಡುವ ತಿರುಗಣೆಯೊಳಗೆ ಕಿಲುಬು. ಮೈಸೂರಿನಲ್ಲಿ ಒಬ್ಬರು ಬಿಚ್ಚಿ ತೊಳೆದುಕೊಟ್ಟರು, ಒಂದು ತಿಂಗಳು ನಡೆಯಿತು. ಆಮೇಲೆ ಒಳಗಿನ ಚಿಪ್, ಐಸಿಯೇ ಹೋಯಿತು. ಅದರ ಜೋಡಿ ಎಲ್ಲೂ ಸಿಗಲಿಲ್ಲ. ಈಗ ಅದರ ಮೇಲೆ ದಿನಪತ್ರಿಕೆ ಇಡ್ತೇವೆ.

ಆಮೇಲೆ ತಗೊಂಡ ಬೆಲ್ಟ್ ಡ್ರೈವ್‌ನಲ್ಲೂ ಬೆಲ್ಟ್ ಸಡಿಲವಾಯಿತು, ಇಲ್ಲ ಅನ್ನೋದಿಲ್ಲ. ಆದರೆ ಹೊಸ ಬೆಲ್ಟ್ ತರಿಸಿ ಹತ್ತು ನಿಮಿಷದಲ್ಲಿ ನಾನೇ ಹಾಕಿದೆ. ಇಲ್ಲಿ ರಿಪೇರಿಗೆ ಅಂತ ಘಟ್ಟ ಇಳಿಯಬೇಕು, ಅಲ್ವಾ? ಅದಕ್ಕೇ ಈ ಮಾತು.

ಜಪಾನಿನಿಂದ ಬಂದ ಹಳೆ ಪೀಸ್ ಅಂತ ಯಾರಾದರೂ ಆಸೆ ತೋರಿಸಿದರೆ ಹಿಂದುಗಡೆ ವೋಲ್ಟೇಜ್ ನೋಡಿ. ಅಲ್ಲಿ 100 ವೋಲ್ಟ್, ನಮ್ಮಲ್ಲಿ 230. ನೇರ ಚುಚ್ಚಿದರೆ ಹೊಗೆ ಬರುತ್ತದೆ. ಹಳೆ ಎಸಿ ಮೋಟರ್‌ನದಾದರೆ ಇನ್ನೊಂದು ಪೇಚು. 60 ಹರ್ಟ್ಜ್‌ಗೆ ಮಾಡಿದ ಪುಲ್ಲಿ ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಪ್ಲೇಟನ್ನು ನಿಮಿಷಕ್ಕೆ 33 ಸುತ್ತಿನ ಬದಲು 28ರ ಹತ್ತಿರ ತಿರುಗಿಸುತ್ತದೆ. ಹೆಣ್ಣು ದನಿ ಗಂಡಾಗುತ್ತದೆ.

ಎಲ್ಲಿ ತಗೊಂಡರೂ ವೇಗ ಪರೀಕ್ಷೆ ಮಾಡಿ. ಪ್ಲೇಟಿನ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಮುಳ್ಳು ಇಳಿಸಿ, ಎಣಿಸಿ. ಎಲ್‌ಪಿ, ಅಂದರೆ ಬಹಳ ಹಾಡು ಹಿಡಿಯುವ ದೊಡ್ಡ ಪ್ಲೇಟು, ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು. ಅಂದರೆ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು. 98 ಬಂದರೆ ಅಂಗಡಿಯವನು ಏನೇ ಹೇಳಲಿ, ಬೇಡ.

ಡ್ರೈವ್‌ಗಿಂತ ನಿಮ್ಮ ಮರದ ನೆಲದ ಬಗ್ಗೆ ನನಗೆ ಜಾಸ್ತಿ ಚಿಂತೆ. ಹಳೆ ಮನೆಯ ಮಾಳಿಗೆ ಅಂದಿರಿ. ಅಲ್ಲಿ ಯಾರಾದರೂ ನಡೆದರೆ ಸಾಕು, ಮುಳ್ಳು ಹಾರುತ್ತದೆ. ಗೋಡೆಗೆ ಹಲಗೆ ಹೊಡೆದು ಅದರ ಮೇಲಿಡಿ. ಸ್ಪೀಕರ್ ಅದೇ ಹಲಗೆ ಮೇಲೆ ಬೇಡ. ಇನ್ನು ಪ್ಲೇಟಿನ ಬೂಸ್ಟು. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸಿ, ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ. ನಡುವಿನ ಲೇಬಲ್ ನೆನೆಸಬೇಡಿ. ನೆರಳಲ್ಲಿ ಆರಿಸಿ. ನಮ್ಮ ಚಿಕ್ಕಪ್ಪ ಕಣದಲ್ಲಿ ಕರಿಮೆಣಸಿನ ಪಕ್ಕ ಬಿಸಿಲಿಗೆ ಹರವಿದ್ದರು. ಸಂಜೆ ನೋಡಿದರೆ ಎಲ್ಲ ಹಪ್ಪಳ.

ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಥರದ್ದು ನಿಮಗೆ ಸಾಕು. ಬೆಲ್ಟ್ ಡ್ರೈವ್, ತಾನೇ ಮುಳ್ಳು ಇಳಿಸಿ ಎತ್ತುತ್ತದೆ, ಮುಳ್ಳಿನ ಸಣ್ಣ ಸಿಗ್ನಲ್ ಹೆಚ್ಚಿಸುವ ಫೋನೋ ಪ್ರೀಆಂಪ್ ಒಳಗೇ ಇದೆ. ಹಾಗಾಗಿ ಮನೆಯಲ್ಲಿರುವ, ಒಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಸ್ಪೀಕರ್‌ಗೆ ಚುಚ್ಚಬಹುದು. ಮುಳ್ಳಿನ ಭಾರ ಹೊಂದಿಸಲು ಮಾತ್ರ ಆಗೋದಿಲ್ಲ. ಸೂಟ್‌ಕೇಸ್ ಥರ ಮಡಚುವ ಚಂದದ ಪ್ಲೇಯರ್‌ಗಳಿಗೆ ಬೀಳಬೇಡಿ. ಅವುಗಳಲ್ಲಿ ಎಷ್ಟೋ ಮುಳ್ಳನ್ನು ಜೋರಾಗಿ ಒತ್ತಿ ಪ್ಲೇಟು ಸವೆಸುತ್ತವೆ.

ದುಡ್ಡು ಕಳಿಸುವ ಮೊದಲು ಒಮ್ಮೆ ಅಟ್ಟ ಹತ್ತಿ ಪ್ಲೇಟಿನ ಲೇಬಲ್ ನೋಡಿ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಪ್ಲೇಟುಗಳು ಬರುತ್ತಿದ್ದವು. ಭಾರವಾಗಿ, ಪಕ್ಕಕ್ಕೆ ಮೂರೇ ನಿಮಿಷದಷ್ಟು ಹಾಡಿದ್ದರೆ ಅವೇ. ಎಲ್‌ಪಿ60ಎಕ್ಸ್‌ನಲ್ಲಿ 33, 45 ಮಾತ್ರ ಇದೆ, 78 ಇಲ್ಲ. 78ರ ಗೆರೆಯೂ ಅಗಲ, ಅದಕ್ಕೆ ಬೇರೆಯೇ ಮುಳ್ಳು ಬೇಕು. ಅವನ್ನು ಸ್ಪಿರಿಟ್‌ನಲ್ಲಿ ಒರೆಸಲೂಬಾರದು, ಅವು ಅರಗಿನವು, ಕರಗುತ್ತವೆ. ನಲವತ್ತರಲ್ಲಿ ಮೂವತ್ತು ಅಂಥವೇ ಆದರೆ ನನ್ನ ಮಾತು ಬಿಡಿ. ಅದೇ ಕಂಪನಿಯ ಎಲ್‌ಪಿ120ಎಕ್ಸ್ ಡೈರೆಕ್ಟ್ ಡ್ರೈವ್, ಮೂರೂ ವೇಗ ಇದೆ, ಮುಳ್ಳೂ ಬದಲಿಸಬಹುದು. ಅದಕ್ಕೆ ನಿಮ್ಮ 20 ಸಾವಿರ ಸಾಲದು. ಈ ಸಲದ ಮೆಣಸು ಮಾರುವ ತನಕ ಕಾಯಿರಿ.