ಅಪ್ಪನ ಹೆಸರು, ಮಗನ ಆಟ

ಓದುಗರ ಪತ್ರ: ಅಮೆರಿಕದ ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್‌ನನ್ನು ಕಳೆದ ಸಂಚಿಕೆಯಲ್ಲಿ ಬಾಯ್ತುಂಬ ಹೊಗಳಿದ್ದೀರಿ. ಅಪ್ಪನೂ ದೊಡ್ಡ ಆಟಗಾರ. ಅಂಥ ಮನೆಯಲ್ಲಿ ಹುಟ್ಟಿದವನಿಗೆ ದಾರಿ ಸುಲಭ ಅಲ್ವಾ? ಅಪ್ಪ, ಮಗ ಒಂದೇ ತಂಡದಲ್ಲಿ ಆಡಿದ್ದೂ ವಶೀಲಿಯಿಂದಲೇ ಇರಬೇಕು.
– ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ:

ವಶೀಲಿ ಅಂತಲೇ ಅನ್ನುವುದಾದರೆ, ಅದು ಮಗನಿಂದ ಅಪ್ಪನಿಗೆ ಆದದ್ದು! 1990ರ ಆಗಸ್ಟ್‌ನಲ್ಲಿ ಸಿನ್ಸಿನಾಟಿ ರೆಡ್ಸ್ ತಂಡ 40 ವರ್ಷದ ಅಪ್ಪನನ್ನು ಕೈಬಿಟ್ಟಿತು. 20ರ ಮಗ ಆಗಲೇ ಸಿಯಾಟಲ್ ಮ್ಯಾರಿನರ್ಸ್‌ನ ಕಣ್ಮಣಿ. ಆ ತಂಡವೇ ಅಪ್ಪನನ್ನು ಕರೆಸಿಕೊಂಡಿತು. ಆತ ಸುಮ್ನೆ ಬೆಂಚು ಕಾಯಲಿಲ್ಲ. 21 ಪಂದ್ಯಗಳಲ್ಲಿ .377 ಸರಾಸರಿ ತೆಗೆದ. ಬೇಸ್‌ಬಾಲ್‌ನಲ್ಲಿ .300 ಮುಟ್ಟಿದವನೇ ಒಳ್ಳೆಯ ಬ್ಯಾಟರ್.

ಸೆಪ್ಟೆಂಬರ್ 14ರಂದು ಕ್ಯಾಲಿಫೋರ್ನಿಯಾ ಏಂಜಲ್ಸ್ ಜೊತೆ ಪಂದ್ಯ, ಮೊದಲ ಇನ್ನಿಂಗ್ಸ್. ಕರ್ಕ್ ಮೆಕ್‌ಕ್ಯಾಸ್ಕಿಲ್ ಎಸೆದ ಚೆಂಡನ್ನು ಅಪ್ಪ ಬೇಲಿಯಾಚೆ ಹೊಡೆದ. ಮುಂದಿನ ಬ್ಯಾಟರ್ ಮಗ. ಅವನೂ ಹೋಮ್ ರನ್! ಅಪ್ಪ, ಮಗ ಹೀಗೆ ಒಬ್ಬರ ಬೆನ್ನಲ್ಲೇ ಒಬ್ಬರು ಹೋಮ್ ರನ್ ಹೊಡೆದದ್ದು ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ.

ಇನ್ನು ಸುಲಭದ ಮಾತು. 1969ರಲ್ಲಿ ತಂಡಗಳು ಹೊಸ ಹುಡುಗರನ್ನು ಆರಿಸುವಾಗ ಅಪ್ಪನ ಹೆಸರು ಬಂದದ್ದು 29ನೇ ಸುತ್ತಿನಲ್ಲಿ. ಅದೇ ವರ್ಷ ಪೆನ್ಸಿಲ್ವೇನಿಯಾದ ಡೊನೋರಾದಲ್ಲಿ ಮಗ ಹುಟ್ಟಿದ. 1987ರಲ್ಲಿ ಇಡೀ ದೇಶದ ಮೊದಲ ಆಯ್ಕೆ ಅವನೇ. ಮನೆತನ ನೆರವಾಗಿಲ್ಲ ಅಂತ ನಾನು ಹೇಳಲ್ಲ. ಅಪ್ಪನ ಜೊತೆ ಡ್ರೆಸ್ಸಿಂಗ್ ರೂಮಿನಲ್ಲೇ ಬೆಳೆದ ಹುಡುಗ. ಆದರೆ ಭಾರವೂ ಅಲ್ಲಿಂದಲೇ ಬಂತು. ಅಪ್ಪನ ಜೊತೆಗಿನ ಜಗಳ, ಎಲ್ಲರ ನಿರೀಕ್ಷೆ ಸೇರಿ, 1988ರಲ್ಲಿ ಪ್ರಾಣ ಕಳೆದುಕೊಳ್ಳಲು ಹೊರಟಿದ್ದನ್ನು ಮುಂದೆ ಅವನೇ ಹೇಳಿಕೊಂಡ. ತಮ್ಮ ಕ್ರೇಗ್‌ನನ್ನೂ ಮ್ಯಾರಿನರ್ಸ್ ಸೇರಿಸಿಕೊಂಡಿತ್ತು. ಅದೇ ಅಪ್ಪ, ಅದೇ ಮನೆ. ಅವನು ಕೆಳಗಿನ ಲೀಗ್‌ಗಳಲ್ಲೇ ಉಳಿದ.

ನನಗೆ ಹೋಮ್ ರನ್‌ಗಿಂತ ಇಷ್ಟವಾಗುವುದು ಸೆಂಟರ್ ಫೀಲ್ಡ್‌ನಲ್ಲಿ ಅವನ ಓಟ. ಔಟ್‌ಫೀಲ್ಡ್‌ನ ಮೂವರಲ್ಲಿ ಜಾಸ್ತಿ ಜಾಗ ಕಾಯಬೇಕಾದವನು ಅಲ್ಲಿರುವವನೇ. 1995ರ ಮೇನಲ್ಲಿ ಕಿಂಗ್‌ಡೋಮ್ ಮೈದಾನದಲ್ಲಿ ಚೆಂಡಿನ ಹಿಂದೆ ಓಡಿ, ಹಾರಿ ಹಿಡಿದು, ಅದೇ ವೇಗದಲ್ಲಿ ಗೋಡೆಗೆ ಅಪ್ಪಳಿಸಿದ. ಎಡ ಮಣಿಕಟ್ಟು ಮುರಿಯಿತು. ಚೆಂಡು ಮಾತ್ರ ಗ್ಲೌಸ್‌ನಲ್ಲೇ ಇತ್ತು. ಮೂಳೆಗೆ ಲೋಹದ ಪಟ್ಟಿ, ಸ್ಕ್ರೂ ಹಾಕಿಸಿಕೊಂಡು ಆಗಸ್ಟ್‌ನಲ್ಲಿ ಮರಳಿದ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ನಾಕೌಟ್ ಸರಣಿ, ಕೊನೆಯ ಐದನೇ ಪಂದ್ಯದ 11ನೇ ಇನ್ನಿಂಗ್ಸ್. ಜೊತೆ ಆಟಗಾರ ಎಡ್ಗರ್ ಮಾರ್ಟಿನೆಜ್ ಹೊಡೆದ ಹೊಡೆತಕ್ಕೆ ಮೊದಲ ಬೇಸ್‌ನಿಂದ ಹೋಮ್ ಪ್ಲೇಟ್‌ವರೆಗೂ (ಬ್ಯಾಟರ್ ನಿಲ್ಲುವ ಜಾಗ) ಓಡಿ ಗೆಲುವಿನ ರನ್ ತಂದವನು ಇವನೇ.

2000ದಲ್ಲಿ ಅಪ್ಪನ ಹಳೆಯ ತಂಡ ಸಿನ್ಸಿನಾಟಿಗೆ ಹೋದ ಮೇಲೆ ಗಾಯದ ಮೇಲೆ ಗಾಯ. ಅಷ್ಟಾದರೂ ಒಟ್ಟು 630 ಹೋಮ್ ರನ್. 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 440ರಲ್ಲಿ 437 ಮತ. ಆದರೆ ಅಪ್ಪ ಎರಡು ಸಲ ಗೆದ್ದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫೈನಲ್ ಸರಣಿಯಲ್ಲಿ, ಮಗ ಒಂದು ಪಂದ್ಯವನ್ನೂ ಆಡಲಿಲ್ಲ.

ಬರೀ ಹೆಸರಿನಿಂದ ಸಿಕ್ಕ ಆಯ್ಕೆ ಆ ಮನೆಯಲ್ಲಿ ಒಂದಿದೆ. 2016ರಲ್ಲೇ ಮ್ಯಾರಿನರ್ಸ್ ತಂಡ ಮೊಮ್ಮಗ ಟ್ರೇಯನ್ನು 24ನೇ ಸುತ್ತಿನಲ್ಲಿ ಆರಿಸಿತು. 24 ಅವನಪ್ಪನ ಜೆರ್ಸಿ ಸಂಖ್ಯೆ, ಗೌರವಕ್ಕೆ ಅಂತ ಮಾಡಿದ್ದು. ಟ್ರೇ ಆಗ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಅದನ್ನೇ ಮುಂದುವರಿಸಿದ.