ರೋಟೇಟರ್ ಮೇಲೆ ಕೇಬಲ್ ಮುರಿಯದಿರಲು ಜಂಪರ್ ಮಾಡಿಕೊಳ್ಳುವುದು ಹೀಗೆ

ಸರ್, ನಿಮ್ಮ ಹ್ಯಾಮ್ ರೇಡಿಯೋ ಪ್ರಶ್ನೆ ನೋಡಿದೆ. ಆಂಟೆನಾ ತಿರುಗಿಸುವ ಜಿ-5500 ರೋಟೇಟರ್, ಮೇಲೆ 2 ಮೀಟರ್ ಮತ್ತು 70 ಸೆಂಟಿಮೀಟರ್ ಬ್ಯಾಂಡಿನ ಯಾಗಿ ಆಂಟೆನಾಗಳು, ಎರಡಕ್ಕೂ ಆಂಟೆನಾದಿಂದ ರೇಡಿಯೋ ಇಟ್ಟ ಶ್ಯಾಕ್‌ವರೆಗೆ ನಡುವೆ ತುಂಡಿಲ್ಲದ ಒಂದೇ ಕೋಆಕ್ಸಿಯಲ್ ಕೇಬಲ್, ಎಲ್‌ಎಂಆರ್-400. ಮೊದಲು ಸರಿ ಇತ್ತು, ಈಗ ಪಶ್ಚಿಮಕ್ಕೆ ತಿರುಗಿಸಿದರೆ ಎಸ್‌ಡಬ್ಲ್ಯೂಆರ್ (ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ಹಾರುತ್ತದೆ, ಉತ್ತರಕ್ಕೆ ಬಂದರೆ ಇಳಿಯುತ್ತದೆ. ರಡಾರ್ ತರಹ, ತಿರುಗುತ್ತಲೇ ಸಿಗ್ನಲ್ ದಾಟಿಸುವ ರೋಟರಿ ಜಾಯಿಂಟ್ ಬೇಕಾ, ಇಲ್ಲಾ ಫ್ಯಾಕ್ಟರಿಯ ಫ್ಲೆಕ್ಸಿಬಲ್ ಕೇಬಲ್ ನಾವೇ ಮಾಡಬಹುದಾ ಅಂತ ಕೇಳಿದ್ದೀರಿ.

ರೋಟರಿ ಜಾಯಿಂಟ್ ಬೇಡ. ಅದು ನಿಲ್ಲದೆ ಸುತ್ತುವ ಯಂತ್ರಕ್ಕೆ ಬೇಕಾದದ್ದು. ಹಡಗಿನ ರಡಾರ್ 3 ಸೆಂ.ಮೀ. ತರಂಗದಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಕಾಲು ತರಂಗ ಅಂದರೆ ಬರೀ 7.5 ಮಿ.ಮೀ., ಹಾಗಾಗಿ ಲೋಹಕ್ಕೆ ಲೋಹ ತಾಗದೆಯೇ ಸಿಗ್ನಲ್ ದಾಟಿಸುವ ಚೋಕ್ ಜಾಯಿಂಟನ್ನು ಅಂಗೈಯಷ್ಟು ಜಾಗದಲ್ಲಿ ಮಾಡಬಹುದು. ನಮ್ಮ 145 ಮೆಗಾಹರ್ಟ್ಸ್‌ಗೆ ಕಾಲು ತರಂಗವೇ ಅರ್ಧ ಮೀಟರ್ ದಾಟುತ್ತದೆ. ನಿಮ್ಮ ರೋಟೇಟರ್ 450 ಡಿಗ್ರಿಗೆ ನಿಲ್ಲುತ್ತದೆ, ಆಮೇಲೆ ವಾಪಸ್ ಬರಲೇಬೇಕು. ಚಿತ್ರದುರ್ಗ, ಗದಗದ ಕಡೆ ಗಾಳಿಯಂತ್ರಗಳನ್ನು ನೋಡಿರುತ್ತೀರಲ್ವಾ? ಗಾಳಿ ಬಂದ ಕಡೆಗೆ ತಲೆ ತಿರುಗಿಸುವಾಗ ಗೋಪುರದೊಳಗೆ ಇಳಿಬಿಟ್ಟ ದಪ್ಪ ಕೇಬಲ್‌ಗಳು ತಿರುಚಿಕೊಳ್ಳುತ್ತವೆ. ತಿರುಚು ಜಾಸ್ತಿಯಾದರೆ ಯಂತ್ರವೇ ಹಿಂದಕ್ಕೆ ಸುತ್ತಿ ಬಿಡಿಸಿಕೊಳ್ಳುತ್ತದೆ. ಅಷ್ಟು ದೊಡ್ಡ ಯಂತ್ರವೇ ಹಾಗೆ ನಡೆಯುವಾಗ ನಮಗೂ ಸಾಕು.

ನಿಮ್ಮ ಕೇಬಲ್ ಯಾಕೆ ಹೋಯಿತು? ಎಲ್‌ಎಂಆರ್-400ರ ನಡುವೆ ಇರುವುದು ಒಂದೇ ಗಟ್ಟಿ ಕಡ್ಡಿ, ಒಳಗೆ ಅಲ್ಯೂಮಿನಿಯಂ, ಹೊರಗೆ ತಾಮ್ರದ ಹೊದಿಕೆ. ಬೈಂಡಿಂಗ್ ವೈರನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೇ ಅದೂ ಒಂದು ದಿನ ಬಿರುಕು ಬಿಡುತ್ತದೆ. ಇನ್ನೊಂದು ತೊಂದರೆ ಬ್ರೇಡಿನ (ಹೆಣೆದ ಲೋಹದ ಬಲೆ) ಕೆಳಗಿರುವ ಅಲ್ಯೂಮಿನಿಯಂ ಫಾಯಿಲ್. ತಿರುಚಿದರೆ ಹರಿಯುತ್ತದೆ, ಹರಿದ ಅಂಚು ತಾಗಿ ಬಿಟ್ಟು ಮಾಡುತ್ತಾ ಕರಕರ ಸದ್ದು ಕೊಡುತ್ತದೆ. ಮಲ್ಟಿಮೀಟರ್‌ನಲ್ಲಿ ಎಲ್ಲಾ ಸರಿ ಅಂತಲೇ ತೋರಿಸುತ್ತದೆ. ಈ ಕೇಬಲನ್ನು ಒಮ್ಮೆ 25 ಮಿ.ಮೀ. ತ್ರಿಜ್ಯಕ್ಕೆ ಬಗ್ಗಿಸಬಹುದು, ಆದರೆ ಪದೇ ಪದೇ ಬಗ್ಗಿಸುವುದಾದರೆ 100 ಮಿ.ಮೀ. ಬೇಕು. ಇಷ್ಟು ಹೇಳಿದ ಮೇಲೂ ಇದು ಒಳ್ಳೆಯ ಕೇಬಲ್ಲೇ, ಕಂಬದ ಮೇಲೆ ಅಲ್ಲಾಡದೆ ಕೂತರೆ.

ಕೇಬಲನ್ನೇ ಮನೆಯಲ್ಲಿ ಮಾಡುವ ಆಸೆ ಬಿಟ್ಟುಬಿಡಿ. ಫ್ಯಾಕ್ಟರಿಯಲ್ಲಿ ಬೆಳ್ಳಿ ಲೇಪಿಸಿದ ಸಣ್ಣ ತಾಮ್ರದ ಎಳೆಗಳನ್ನು ಹೊಸೆದು, ಮೇಲೆ ಪಿಟಿಎಫ್‌ಇ (ಟೆಫ್ಲಾನ್) ಹಾಕಿ, ಅದರ ಮೇಲೆ ಬ್ರೇಡ್ ಹೆಣೆದು ಕೊನೆಗೆ ಹೊರಕವಚ ಹಾಕುತ್ತಾರೆ. ಇನ್ನೂ ದುಬಾರಿಯಾದದ್ದರಲ್ಲಿ ಬ್ರೇಡಿನ ಕೆಳಗೆ ಚಪ್ಪಟೆ ತಾಮ್ರದ ಪಟ್ಟಿಯನ್ನು ಓರೆಯಾಗಿ ಸುತ್ತಿರುತ್ತಾರೆ. ಬಗ್ಗಿಸಿದಾಗ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ, ಹರಿಯುವುದಿಲ್ಲ. ಕೇಬಲಿನ ಇಂಪಿಡೆನ್ಸ್ 50 ಓಮ್ ಬರಬೇಕಾದರೆ ಪಿಟಿಎಫ್‌ಇ ಹೊರವ್ಯಾಸ ಒಳತಂತಿಯ ಸುಮಾರು 3.35 ಪಟ್ಟು ಇರಬೇಕು. 3 ಮಿ.ಮೀ. ವ್ಯಾಸದಲ್ಲಿ 0.1 ಮಿ.ಮೀ. ತಪ್ಪಿದರೂ ಒಂದು ಓಮ್‌ಗಿಂತ ಜಾಸ್ತಿ ಆಚೀಚೆ ಆಗುತ್ತದೆ. ಅದು ಗರಗಸದ ಹಲ್ಲಿನ ಹಾಗೆ ಸಮ ಅಂತರದಲ್ಲಿ ತಪ್ಪುತ್ತಾ ಹೋದರಂತೂ ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಪ್ರತಿಫಲನ ಎಲ್ಲಾ ಕೂಡಿಕೊಂಡು ಬರುತ್ತದೆ.

ನಾವು ಮಾಡಬೇಕಾದದ್ದು ಜಂಪರ್, ಅಂದರೆ ತಿರುಗುವ ಜಾಗಕ್ಕೆ ಮಾತ್ರ ಹಾಕುವ ಬಳುಕುವ ತುಂಡು ಕೇಬಲ್. ಉದ್ದದ ಕೇಬಲನ್ನು ರೋಟೇಟರಿನ ಕೆಳಗೆ ಎನ್ ಕನೆಕ್ಟರ್ ಹಾಕಿ ನಿಲ್ಲಿಸಿ. ಅಲ್ಲಿಂದ ಮೇಲಕ್ಕೆ ಎಳೆ ಎಳೆಯಾಗಿ ಹೊಸೆದ ಒಳತಂತಿಯ ಕೇಬಲ್. ಆರ್‌ಜಿ-213 ಸಿಕ್ಕರೆ ಅದರಲ್ಲಿ 0.75 ಮಿ.ಮೀ.ಯ 7 ಎಳೆ ಇರುತ್ತದೆ, 2 ಮೀಟರ್ ಉದ್ದಕ್ಕೆ 435 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಅರ್ಧ ಡಿಬಿಯೂ ಕಡಿಮೆಯಾಗುವುದಿಲ್ಲ. ಎಲ್‌ಎಂಆರ್-400 ಯುಎಫ್ ಕೂಡ ಎಳೆಗಳದ್ದೇ. ನನ್ನ ಇಷ್ಟ ಆರ್‌ಜಿ-400: 19 ಎಳೆ, ಎರಡು ಪದರ ಬ್ರೇಡ್, 5 ಮಿ.ಮೀ. ದಪ್ಪ, ಬೆಸುಗೆ ಬಿಸಿಗೆ ಕರಗುವುದಿಲ್ಲ. ನಷ್ಟ ಸ್ವಲ್ಪ ಜಾಸ್ತಿ. ಬರುವ ಸಿಗ್ನಲ್ ಹೆಚ್ಚಿಸುವ ಪ್ರೀಆಂಪನ್ನು ಜಂಪರಿಗಿಂತ ಮೇಲೆ ಆಂಟೆನಾ ಹತ್ತಿರ ಕೂರಿಸಿದರೆ 437.800 ಮೆಗಾಹರ್ಟ್ಸ್ನಲ್ಲಿ ಬಾಹ್ಯಾಕಾಶ ನಿಲ್ದಾಣದ ಐಎಸ್‌ಎಸ್ ರಿಪೀಟರ್ ಕೇಳಲು ಆ ನಷ್ಟ ಗೊತ್ತೇ ಆಗುವುದಿಲ್ಲ. ಆರ್‌ಜಿ-142 ಕೊಡ್ತೀವಿ, ಅದೂ ಟೆಫ್ಲಾನೇ ಅಂತ ಅಂಗಡಿಯಲ್ಲಿ ಹೇಳಿದರೆ ಬೇಡ ಅನ್ನಿ, ಅದರ ಒಳತಂತಿ ಗಟ್ಟಿ ಕಡ್ಡಿ.

ಮುಖ್ಯ ವಿಷಯ ಈಗ ಬರುತ್ತದೆ. ಎಷ್ಟೇ ಒಳ್ಳೆಯ ಕೇಬಲ್ ತಂದರೂ ರೋಟೇಟರಿನ ಮೇಲೊಂದು ಕೆಳಗೊಂದು ಬಿಗಿಯಾಗಿ ಕಟ್ಟಿ ನಡುವೆ 30 ಸೆಂ.ಮೀ. ಬಿಟ್ಟರೆ ಪೂರ್ತಿ ತಿರುಚು ಅಷ್ಟರಲ್ಲೇ ಕೂರಬೇಕು. 2 ಮೀಟರ್ ಕೊಡಿ. ಕಟ್ಟುವ ಮುಂಚೆ ರೋಟೇಟರನ್ನು ಸರಿಯಾಗಿ ಮಧ್ಯಕ್ಕೆ, ಅಂದರೆ ಒಂದು ತುದಿಯಿಂದ 225 ಡಿಗ್ರಿಗೆ ತನ್ನಿ. ಆಗ ಕೇಬಲ್ ಯಾವ ಕಡೆಗೂ 225ಕ್ಕಿಂತ ಜಾಸ್ತಿ ತಿರುಚಿಕೊಳ್ಳುವುದಿಲ್ಲ. ಸೊನ್ನೆಯಲ್ಲಿಟ್ಟು ಕಟ್ಟಿದರೆ ಪೂರ್ತಿ 450 ಒಂದೇ ಕಡೆಗೆ ಬೀಳುತ್ತದೆ. ಮೇಲೆ ಕೆಳಗೆ ಮಾಡುವ ಎಲಿವೇಶನ್ ರೋಟೇಟರಿಗೆ ಬೇರೆ ಲೂಪ್ ಬಿಡಿ, ಎರಡನ್ನೂ ಒಂದರಲ್ಲೇ ಸೇರಿಸಬೇಡಿ.

ಕನೆಕ್ಟರ್ ವಿಷಯದಲ್ಲಿ ಕ್ರಿಂಪ್ ಮಾಡುವುದೇ (ಒತ್ತಿ ಬಿಗಿಯುವುದೇ) ವಾಸಿ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹೀರಿಕೊಂಡು ಹೋಗಿ ಗಟ್ಟಿಯಾಗುತ್ತದೆ, ಅದು ಮುಗಿಯುವ ಜಾಗದಲ್ಲೇ ತಂತಿ ಮುರಿಯುವುದು. ಹಿಂಭಾಗಕ್ಕೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ, 10 ಸೆಂ.ಮೀ. ಒಳಗೆ ಒಂದು ಕ್ಲ್ಯಾಂಪ್ ಕೊಡಿ, ಕನೆಕ್ಟರ್ ಬುಡ ಅಲ್ಲಾಡಲೇಬಾರದು. ಕಟ್ಟುವ ಪ್ಲಾಸ್ಟಿಕ್ ಟೈಯನ್ನು ಕೇಬಲ್ ಚಪ್ಪಟೆಯಾಗುವ ಹಾಗೆ ಎಳೆಯಬೇಡಿ.

ಹಳೇ ಕೇಬಲ್ ಬಿಸಾಡಬೇಡಿ. ನ್ಯಾನೊವಿಎನ್‌ಎ (ಕೇಬಲ್, ಆಂಟೆನಾ ಅಳೆಯುವ ಚಿಕ್ಕ ಉಪಕರಣ) ಇದ್ದರೆ 900 ಮೆಗಾಹರ್ಟ್ಸ್‌ವರೆಗೆ ಸ್ವೀಪ್ ಕೊಟ್ಟು, ವೆಲಾಸಿಟಿ ಫ್ಯಾಕ್ಟರ್ (ಕೇಬಲಿನಲ್ಲಿ ಸಿಗ್ನಲ್ ವೇಗ ಬೆಳಕಿನ ವೇಗದ ಎಷ್ಟು ಪಾಲು) 0.85 ಅಂತ ಹಾಕಿ ಟೈಮ್ ಡೊಮೇನ್‌ನಲ್ಲಿ ನೋಡಿ, ಮುರಿದ ಜಾಗ ಸುಮಾರು 14 ಸೆಂ.ಮೀ. ಅಂದಾಜಿನಲ್ಲಿ ಸಿಗುತ್ತದೆ. 101 ಪಾಯಿಂಟಿನಲ್ಲಿ 14 ಮೀಟರ್ ದಾಟಿದರೆ ಅಳತೆ ಮೋಸ ಮಾಡುತ್ತದೆ, ಹಾಗಾಗಿ ಮೇಲೆ ಹತ್ತಿ ಆ ತುದಿಯಿಂದ ನೋಡುವುದು ಒಳ್ಳೆಯದು. ಹೋದ ಭಾಗ ಕತ್ತರಿಸಿ. ಬ್ರೇಡ್ ಕಪ್ಪಾಗಿದ್ದರೆ ನೀರು ಇಳಿದಿದೆ ಅಂತ, ಹೊಳೆಯುವ ಬ್ರೇಡ್ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಜಂಪರ್ ಹಾಕಿದ ಮೇಲೆ ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್ ಕೊಟ್ಟು ಪೂರ್ತಿ 450 ಡಿಗ್ರಿ ತಿರುಗಿಸಿ ನೋಡಿ. ಪರದೆಯ ಗೆರೆ ಅಲ್ಲಾಡದಿದ್ದರೆ ಮಾತ್ರ ರಬ್ಬರ್ ಟೇಪ್ ಸುತ್ತಿ. ಅಲ್ಲಾಡಿದರೆ ಟ್ರೇಸಿನ ಫೋಟೋ ಇಲ್ಲಿ ಹಾಕಿ, ನೋಡೋಣ. 73 (ಹ್ಯಾಮ್‌ಗಳ ಶುಭಾಶಯ)