ಗೋದಾಮಿನ ಲೆಕ್ಕ ಪ್ರೊಫೈಲ್‌ಗೆ ಬಂದದ್ದು

ಕೆಲಸ ಹುಡುಕುವವರಿಗೆ ಸಲಹೆ ಕೊಡುವ ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಬಂದರು. ಆಕೆಗೆ 38 ವರ್ಷ, ಬಿಕಾಂ ಓದಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಎಂಟು ತಿಂಗಳಿಂದ ಲಿಂಕ್ಡ್‌ಇನ್, ನೌಕ್ರಿ ಎರಡರಲ್ಲೂ ಅರ್ಜಿ ಹಾಕುತ್ತಿದ್ದರು. ಒಂದು ಫೋನೂ ಬಂದಿರಲಿಲ್ಲ. "ಇಷ್ಟು ವರ್ಷ ಮನೇಲಿದ್ದವಳನ್ನ ಯಾರು ಕರೀತಾರೆ ಮೇಡಂ?" ಎನ್ನುವಾಗ ಕಣ್ಣು ತುಂಬಿತ್ತು.

ಮೊಬೈಲಿನಲ್ಲೇ ಲಿಂಕ್ಡ್‌ಇನ್ ಪ್ರೊಫೈಲ್ ನೋಡಿದೆ. ಹೆಸರಿನ ಕೆಳಗೆ ‘ಬಿಕಾಂ ಪದವೀಧರೆ, ಕೆಲಸ ಹುಡುಕುತ್ತಿದ್ದೇನೆ’. ಅನುಭವದ ಜಾಗದಲ್ಲಿ ‘ಅಂಗಡಿಯಲ್ಲಿ ಲೆಕ್ಕ, 2011–2019’. ಅಷ್ಟೇ. ಸ್ಕಿಲ್ಸ್ ಪಟ್ಟಿ ಮಾತ್ರ ಉದ್ದ: ಲೀಡರ್‌ಶಿಪ್, ಟೀಮ್ ವರ್ಕ್, ಅಡ್ವಾನ್ಸ್ಡ್ ಎಕ್ಸೆಲ್, ದೊಡ್ಡ ಕಂಪನಿಗಳು ಬಳಸುವ ಎಸ್‌ಎಪಿ ಸಾಫ್ಟ್‌ವೇರ್.

"ಎಸ್‌ಎಪಿ ಬರುತ್ತಾ?"

"ಇಲ್ಲ. ತಮ್ಮ ಹಾಕು ಅಂದ."

ಮೊಬೈಲ್ ಬದಿಗಿಡಿಸಿ, ಅಂಗಡಿಗೆ ಹೋದ ಮೇಲೆ ಸಂಜೆತನಕ ಏನೇನು ಮಾಡ್ತಿದ್ರಿ ಹೇಳಿ ಎಂದೆ. ಅದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ಲಿಂಗ್, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಬಾಕಿ ವಸೂಲಿಗೆ ಫೋನ್, ಆಡಿಟರ್‌ಗೆ ಕಾಗದಪತ್ರ. ಆಮೇಲೆ ಸುಮ್ನೆ ಅನ್ನುವ ಹಾಗೆ ಇನ್ನೊಂದು ಮಾತು ಹೇಳಿದರು. 2017ರ ಜುಲೈ 1ರಂದು ಜಿಎಸ್‌ಟಿ ಬಂತಲ್ಲ, ಅದರ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಗೋದಾಮಿನಲ್ಲಿ ಸ್ಟಾಕ್ ಎಣಿಸಿದ್ದರಂತೆ. ನಟ್ಟು, ಬೋಲ್ಟು, ಪೈಪು, ಪೇಂಟು ಒಂದೊಂದಕ್ಕೂ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ಗುರುತಿಸುವ ಸಂಖ್ಯೆ) ಹುಡುಕಿ ಟ್ಯಾಲಿಗೆ ಹಾಕಿದ್ದರಂತೆ. ಹಿಂದಿನ ತೆರಿಗೆಯಾದ ವ್ಯಾಟ್‌ನಲ್ಲಿ ಉಳಿದಿದ್ದ ತೆರಿಗೆ ಕ್ರೆಡಿಟ್ಟನ್ನು ಹೊಸ ಲೆಕ್ಕಕ್ಕೆ ತರಲು ಟ್ರಾನ್-1 ಫಾರಂಗೆ ಬೇಕಾದ ಪಟ್ಟಿಯನ್ನೂ ಅವರೇ ಮಾಡಿಕೊಟ್ಟಿದ್ದರು.

"ಇದನ್ನ ಯಾಕೆ ಬರೆದಿಲ್ಲ?"

"ಇದು ಕೆಲಸ ಅಲ್ವಾ ಮೇಡಂ, ಸ್ಕಿಲ್ ಅಲ್ಲವಲ್ಲ."

ನನ್ನ ಹತ್ತಿರ ಬರುವ ಎಷ್ಟೋ ಹೆಣ್ಣುಮಕ್ಕಳು ಇದೇ ಮಾತು ಹೇಳುತ್ತಾರೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ನಾನು ಹೇಳಿದ್ದು ಹೀಗೆ. ಹೆಸರಿನ ಕೆಳಗಿನ ಸಾಲಿಗೆ ಲಿಂಕ್ಡ್‌ಇನ್ 220 ಅಕ್ಷರ ಕೊಡುತ್ತದೆ. ಅಲ್ಲಿ ‘ಅಕೌಂಟೆಂಟ್, ಟ್ಯಾಲಿ, ಜಿಎಸ್‌ಟಿ, ಹೋಲ್‌ಸೇಲ್ ವ್ಯಾಪಾರದಲ್ಲಿ 8 ವರ್ಷ’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಕೆಲಸ ಕೊಡುವವರು ಟ್ಯಾಲಿ, ಜಿಎಸ್‌ಟಿ ಅಂತ ಟೈಪ್ ಮಾಡಿ ಹುಡುಕುತ್ತಾರೆ. ‘ಕೆಲಸ ಹುಡುಕುತ್ತಿದ್ದೇನೆ’ ಅಂತ ಯಾರೂ ಹುಡುಕುವುದಿಲ್ಲ. ಅನುಭವದ ಕೆಳಗೆ ಗೋದಾಮಿನ ಕತೆಯನ್ನು ಮೂರು ಸಾಲಲ್ಲಿ ಹಾಕಿ: ಎಷ್ಟು ಐಟಂ, ತಿಂಗಳಿಗೆ ಎಷ್ಟು ಬಿಲ್ಲು, ನೀವು ಮಾಡಿದ್ದೇನು. ನೆನಪಿರುವ ಅಂಕಿ ಮಾತ್ರ ಬರೆಯಿರಿ, ಅಂದಾಜಿಗೆ ‘ಸುಮಾರು’ ಸೇರಿಸಿ. ನೇಮಕ ಪತ್ರ ಇರಲಿಲ್ಲ ಅಂತ ಹೆದರಬೇಡಿ, ಮಾಡಿದ್ದು ಅಕೌಂಟೆಂಟ್ ಕೆಲಸವೇ. ಆದರೆ ‘ಅಕೌಂಟ್ಸ್ ಮ್ಯಾನೇಜರ್’ ಅಂತ ಹಾಕಬೇಡಿ.

ಎಸ್‌ಎಪಿ, ಅಡ್ವಾನ್ಸ್ಡ್ ಎಕ್ಸೆಲ್ ಅಲ್ಲೇ ಅಳಿಸಿದೆವು. ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ತಡವರಿಸಿದರೆ, ನಿಜವಾಗಿ ಬರುವ ಟ್ಯಾಲಿಯ ಮೇಲೂ ಅನುಮಾನ ಬರುತ್ತದೆ.

2019ರ ನಂತರದ ಖಾಲಿ ಜಾಗದ ಬಗ್ಗೆ ಅವರಿಗೆ ಜಾಸ್ತಿ ಅಂಜಿಕೆ. ಅತ್ತೆಯ ಕಾಯಿಲೆ, ಮಗಳು ಚಿಕ್ಕವಳು. ಅಂಗಡಿಯಲ್ಲಿ ಇನ್ನೂ ಇದ್ದೇನೆ ಅಂತ ತೋರಿಸಲೇ ಎಂದು ಕೇಳಿದರು. ಬೇಡ ಎಂದೆ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಕರಿಯರ್ ಬ್ರೇಕ್ ಅಂತಲೇ ಹಾಕುವ ಅವಕಾಶವಿದೆ. ‘ಮನೆಯವರ ಆರೈಕೆ’ ಎಂದು ಒಂದು ಸಾಲು ಸಾಕು, ಕಾಯಿಲೆಯ ಹೆಸರು ಬೇಡ. ಆದರೆ ಅವರಿಗೆ ನಿಜವಾಗಿ ತೊಡಕಾಗುವುದು ಬೇರೆಯದು. ಅವರು ಬಿಟ್ಟ ಮೇಲೆ, 2020ರಲ್ಲಿ, ಟ್ಯಾಲಿಯ ಹೊಸ ಆವೃತ್ತಿ ಟ್ಯಾಲಿ ಪ್ರೈಮ್, ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್, ಖರೀದಿಯ ಮೇಲೆ ಸಿಗುವ ತೆರಿಗೆ ಕ್ರೆಡಿಟ್ ತೋರಿಸುವ ಜಿಎಸ್‌ಟಿಆರ್-2ಬಿ ಮೂರೂ ಬಂದವು. ಮೊದಲು ಅವನ್ನು ಕಲಿಯಿರಿ, ಕಲಿತ ದಿನವೇ ಪ್ರೊಫೈಲ್‌ಗೆ ಸೇರಿಸಿ ಎಂದೆ. ಪರಿಚಯದ ಆಡಿಟರ್ ಆಫೀಸಿನಲ್ಲಿ ದಿನಕ್ಕೆ ಎರಡು ಗಂಟೆ ಕೂರಲು ಅವರೇ ಕೇಳಿಕೊಂಡರು.

ಆರು ವಾರದ ಮೇಲೆ ಬಂದರು. ಮೂರು ಕಡೆಯಿಂದ ಫೋನ್ ಬಂದಿತ್ತು. ಒಂದು ಕಡೆ ಬೇಡ ಅಂದರು. ಇನ್ನೊಂದು ಕಡೆ ಸಂಬಳ ತೀರಾ ಕಡಿಮೆ ಅಂತ ಇವರೇ ಬಿಟ್ಟರು. ಮೂರನೆಯವರು ಎರಡನೇ ಸುತ್ತಿಗೆ ಕರೆದಿದ್ದಾರೆ. ಅಲ್ಲಿ ಎಷ್ಟು ಸಂಬಳ ಕೇಳಬೇಕು ಎಂಬುದರ ಮೇಲೆಯೇ ಅಂದಿನ ಒಂದು ಗಂಟೆ ಕಳೆಯಿತು.